ಗುಡ್ಡ ಹತ್ತುವ ಗಾಡಿ: ಕೊಳ್ಳುವ ಮುನ್ನ ಕೂತು ಮಾತಾಡಿ

ಪಿಯುಸಿ ಫಲಿತಾಂಶ ಬಂದೊಡನೆ ನಮ್ಮ ಮನೆಗಳಲ್ಲಿ ಎರಡು ಚರ್ಚೆಗಳು ಒಟ್ಟಿಗೇ ಶುರುವಾಗುತ್ತವೆ. ಮುಂದೆ ಯಾವ ಕಾಲೇಜು ಎಂಬುದು ಒಂದು, ಕಾಲೇಜಿಗೆ ಯಾವ ಗಾಡಿ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹತ್ತು ಜನರನ್ನು ಕೇಳುತ್ತೇವೆ. ಎರಡನೆಯದನ್ನು ಷೋರೂಮಿನ ಗಾಜಿನ ಮುಂದೆ ನಿಂತು ಹತ್ತು ನಿಮಿಷದಲ್ಲಿ ತೀರ್ಮಾನಿಸುತ್ತೇವೆ!

ಈ ವಾರದ ಪತ್ರ ಅಜಿಲ ಅರಸರ ಅರಮನೆಯಿರುವ ಅಳದಂಗಡಿಯ ಕಡೆಯಿಂದ ಬಂದಿದೆ. ಬರೆದವರು ಅಡಿಕೆ, ರಬ್ಬರ್ ಬೆಳೆಗಾರರು. ಮಗನಿಗೆ ಹದಿನೆಂಟು ತುಂಬಲು ಇನ್ನು ಮೂರು ತಿಂಗಳು. ಫೋನಿನಲ್ಲಿ ನೋಡಿದ ನಾಲ್ಕು ಚಕ್ರದ ಬೈಕಿನಂಥ ‘ಎಟಿವಿ’ ಬೇಕೆಂದು ಹಟ ಹಿಡಿದಿದ್ದಾನೆ. ಅದಾಗದಿದ್ದರೆ ಥಾರ್ ಆದರೂ ಆಗಬೇಕಂತೆ. “ತೋಟಕ್ಕೂ ಆಗುತ್ತದೆ, ಕಾಲೇಜಿಗೂ ಆಗುತ್ತದೆ ಅಪ್ಪಾ” ಎನ್ನುವುದು ಅವನ ವಾದ. “ಮನೆಯಾಕೆ ಬೇಡವೇ ಬೇಡ ಎನ್ನುತ್ತಾಳೆ. ನಮ್ಮದು ಗುಡ್ಡದ ಜಾಗ, ಮಳೆಗಾಲದಲ್ಲಿ ಅಂಗಳಕ್ಕೆ ಗಾಡಿ ಬರುವುದೇ ಕಷ್ಟ. ಮಗ ಹೇಳುವುದರಲ್ಲಿ ಅರ್ಥವಿದೆಯೇ?” ಎಂದು ಕೇಳಿದ್ದಾರೆ.

ಅರ್ಥ ಇಲ್ಲದೇ ಇಲ್ಲ. ಗುಡ್ಡದ ಬುಡದ ಊರುಗಳಲ್ಲಿ ಮುಖ್ಯರಸ್ತೆ ಬಿಟ್ಟು ಮನೆ ದಾರಿಗೆ ತಿರುಗಿದರೆ ಮುರಕಲ್ಲಿನ ಏರು, ಪಾಚಿ ಕಟ್ಟಿದ ತಿರುವು, ನಡುವೆ ಒಂದು ತೋಡು. ಇಂಥಲ್ಲಿ ಸಣ್ಣ ಕಾರಿನ ಹೊಟ್ಟೆ ನೆಲಕ್ಕೆ ತಾಗುತ್ತದೆ. ಆದರೆ ‘ಎಲ್ಲದಕ್ಕೂ ಆಗುವ ಗಾಡಿ’ ಎಂಬುದೊಂದು ಇದೆಯೇ? ಅದನ್ನು ನೋಡೋಣ.

ಎಟಿವಿ ಎಂದರೆ ಏನು?

ಎಟಿವಿ ಎಂದರೆ ಬೈಕಿನ ಹಾಗೆ ಕಾಲು ಇಬ್ಬದಿಗೆ ಹಾಕಿ ಕೂರುವ ಸೀಟು, ಹ್ಯಾಂಡಲ್, ಕಡಿಮೆ ಗಾಳಿಯ ದಪ್ಪ ಟಯರುಗಳಿರುವ ಗಾಡಿ. ಹೋಂಡಾ ಕಂಪೆನಿ 1970ರಲ್ಲಿ ಅಮೆರಿಕದಲ್ಲಿ ಮೂರು ಚಕ್ರದ ಇಂಥದೊಂದನ್ನು ಮಾರಾಟಕ್ಕಿಟ್ಟಿತು. ಮೊದಲು ಆಟಕ್ಕೆ, ಆಮೇಲೆ ಹೊಲ ತೋಟಗಳ ಕೆಲಸಕ್ಕೆ ಅದು ಬಳಕೆಗೆ ಬಂತು. ಆದರೆ ತಿರುವಿನಲ್ಲಿ ಮಗುಚಿ ಬಿದ್ದು ಸತ್ತವರಲ್ಲಿ, ಕೈಕಾಲು ಕಳೆದುಕೊಂಡವರಲ್ಲಿ ಮಕ್ಕಳೇ ಬಹಳ ಮಂದಿ ಇದ್ದರು. ಗಲಾಟೆ ಕೋರ್ಟಿಗೆ ಹೋಗಿ, 1988ರಲ್ಲಿ ಮೂರು ಚಕ್ರದವುಗಳ ಮಾರಾಟವನ್ನು ನಿಲ್ಲಿಸಲು ಕಂಪೆನಿಗಳು ಒಪ್ಪಬೇಕಾಯಿತು. 90 ಸಿಸಿಗಿಂತ ದೊಡ್ಡದನ್ನು ಹದಿನಾರು ತುಂಬದವರಿಗೆ ಕೊಡಬಾರದೆಂಬ ಕಟ್ಟಳೆಯೂ ಆಗ ಬಂತು.

ನಾಲ್ಕು ಚಕ್ರ ಬಂದ ಮೇಲೂ ಮಗುಚುವ ಗುಣ ಪೂರ್ತಿ ಹೋಗಲಿಲ್ಲ. ಗಾಡಿ ಅಗಲದಲ್ಲಿ ಕಿರಿದು, ಕೂರುವವನು ಎತ್ತರದಲ್ಲಿ. ಏರಿನಲ್ಲಿ ಅವನು ಮುಂದಕ್ಕೆ ಬಾಗಬೇಕು, ಇಳಿಜಾರಿನಲ್ಲಿ ಹಿಂದಕ್ಕೆ, ಅಡ್ಡ ಇಳಿಜಾರಿನಲ್ಲಿ ಮೇಲ್ಬದಿಗೆ. ಬಾಗುವುದು ಒಂದು ಗಳಿಗೆ ತಡವಾದರೆ ಗಾಡಿ ಅವನ ಮೇಲೆಯೇ ಬೀಳುತ್ತದೆ. ಆಸ್ಟ್ರೇಲಿಯಾದಲ್ಲಿ ಹೊಲಗಳಲ್ಲಿ ಹೀಗೆ ಸತ್ತವರನ್ನು ಕಂಡು, ರೈತರು ಬಳಸುವ ಹೊಸ ಗಾಡಿಗಳಿಗೆ ಮಗುಚಿದಾಗ ಸವಾರನನ್ನು ಕಾಯುವ ಕಬ್ಬಿಣದ ಕಮಾನು ಇರಲೇಬೇಕೆಂದು 2021ರಲ್ಲಿ ಕಡ್ಡಾಯ ಮಾಡಿದರು. ಇದನ್ನು ಒಪ್ಪುವ ಬದಲು ಕೆಲವು ದೊಡ್ಡ ಕಂಪೆನಿಗಳು ಅಲ್ಲಿ ಮಾರಾಟವನ್ನೇ ಬಿಟ್ಟವು.

ನಮ್ಮಲ್ಲಿ ಇನ್ನೂ ಒಂದು ತೊಡಕಿದೆ. ಕಡಲತೀರದಲ್ಲಿ, ರೆಸಾರ್ಟ್‌ಗಳಲ್ಲಿ ಓಡುವ ಎಟಿವಿಗಳನ್ನು ಖಾಸಗಿ ವಾಹನವಾಗಿ ಆರ್‌ಟಿಒದಲ್ಲಿ ನೋಂದಣಿ ಮಾಡಿಸಲು ಬರುವುದಿಲ್ಲ. ನಂಬರ್ ಪ್ಲೇಟ್ ಇಲ್ಲದ ಗಾಡಿಯನ್ನು ಗೇಟಿನಿಂದ ಹೊರಗೆ, ಪಂಚಾಯತು ರಸ್ತೆಗೆ ತಂದರೂ ತಪ್ಪೇ. ಒಂದು ಅಮೆರಿಕನ್ ಕಂಪೆನಿ ತನ್ನದೊಂದನ್ನು 2021ರಲ್ಲಿ ಕೃಷಿ ಟ್ರ್ಯಾಕ್ಟರ್ ಎಂಬ ವರ್ಗಕ್ಕೆ ಸೇರಿಸಿ ರಸ್ತೆಗೆ ಒಪ್ಪಿಗೆ ಪಡೆಯಿತು. ಆಗ ಬೆಲೆ ಸುಮಾರು ಎಂಟು ಲಕ್ಷ ಇತ್ತು. ಟ್ರ್ಯಾಕ್ಟರಿನಲ್ಲಿ ಕಾಲೇಜಿಗೆ ಹೋಗುವುದುಂಟೇ?

ಆದ್ದರಿಂದ ಎಟಿವಿಯ ವಿಷಯ ಇಲ್ಲಿಗೇ ಬಿಡೋಣ. ರಜೆಯಲ್ಲಿ ಹೆಲ್ಮೆಟ್ ಹಾಕಿಕೊಂಡು ದುಡ್ಡು ಕೊಟ್ಟು ಅರ್ಧ ಗಂಟೆ ಓಡಿಸಿ ಬಂದರೆ ಆಸೆ ತೀರುತ್ತದೆ.

ನಮ್ಮ ಎಟಿವಿ ಜೀಪು

ನಿಜ ಹೇಳಬೇಕೆಂದರೆ, ನಮ್ಮ ಘಟ್ಟದ ತಪ್ಪಲಿಗೆ ಎಟಿವಿ ಬಂದು ಬಹಳ ಕಾಲವಾಯಿತು. ಅದರ ಹೆಸರು ಜೀಪು. 1941ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಯಾರಾದ ವಿಲ್ಲಿಸ್ ಗಾಡಿಯನ್ನು ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಹೀಂದ್ರ ಕಂಪೆನಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಬಸ್ಸು ಹೋಗದ ಮೂಲೆಗಳಿಗೆ ಸರ್ವೀಸ್ ಜೀಪುಗಳೇ ದಿಕ್ಕಾಗಿದ್ದ ಕಾಲವನ್ನು ಇಂದಿನ ತಂದೆ ತಾಯಿಗಳು ಕಂಡಿದ್ದಾರೆ. ಹತ್ತು ಮಂದಿ ಕೂರುವಲ್ಲಿ ಇಪ್ಪತ್ತು ಮಂದಿ, ಹಿಂದೆ ನೇತಾಡುವವರು ಬೇರೆ. ಆಸ್ಪತ್ರೆಗೂ ಅದೇ, ಮದುವೆ ದಿಬ್ಬಣಕ್ಕೂ ಅದೇ.

ಆ ಮನೆತನದ ಇಂದಿನ ಕುಡಿಯೇ ಥಾರ್. 2010ರಲ್ಲಿ ಬಂದ ಗಾಡಿ 2020ರಲ್ಲಿ ಹೊಸ ರೂಪ ಪಡೆಯಿತು. 2024ರಲ್ಲಿ ಐದು ಬಾಗಿಲಿನ ರಾಕ್ಸ್ ಬಂತು. ಮಾರುತಿಯ ಜಿಪ್ಸಿಯ ಜಾಗಕ್ಕೆ 2023ರಲ್ಲಿ ಜಿಮ್ನಿ ಬಂತು. ಫೋರ್ಸ್ ಕಂಪೆನಿಯ ಗೂರ್ಖಾ ಇದೆ. ಇಲ್ಲಿ ಒಂದು ಮಾತು ನೆನಪಿಡಿ. 2023ರಿಂದ ಥಾರ್‌ನಲ್ಲಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಂಜಿನ್ ಬಲ ಹೋಗುವ ಮಾದರಿಯೂ ಬರುತ್ತಿದೆ, ರಾಕ್ಸ್‌ನಲ್ಲೂ ಹಾಗೆಯೇ. ಹೊರಗಿನಿಂದ ನೋಡಲು ಒಂದೇ, ಬೆಲೆ ಕಡಿಮೆ. ಗುಡ್ಡ ಹತ್ತಲೆಂದು ಅದನ್ನು ತಂದರೆ ಜೋಳಿಗೆ ಹೊತ್ತವರನ್ನೆಲ್ಲ ಸನ್ಯಾಸಿ ಎಂದು ನಂಬಿದ ಹಾಗೆ. ಜಿಮ್ನಿಯಲ್ಲಿ ಎಲ್ಲ ಮಾದರಿಗೂ ನಾಲ್ಕು ಚಕ್ರದ ಗೇರು ಇದೆ, ಆದರೆ ಎಂಜಿನ್ ಪೆಟ್ರೋಲಿನದು ಮಾತ್ರ.

ನಾಲ್ಕು ಚಕ್ರದ ಗೇರು ನಿಜವಾಗಿ ಎಷ್ಟು ದಿನ ಬೇಕಾಗುತ್ತದೆ? ಒಂದು ಮಳೆಗಾಲ ಲೆಕ್ಕವಿಟ್ಟು ನೋಡಿ. ಮನೆ ದಾರಿಯಲ್ಲಿ ಐವತ್ತು ಅಡಿಯ ಒಂದು ಏರು ಮಾತ್ರ ತೊಂದರೆ ಕೊಡುವುದಾದರೆ, ಅಲ್ಲಿಗೆ ಕಾಂಕ್ರೀಟು ಹಾಕಿಸಿ ನೀರು ಹೋಗಲು ಚರಂಡಿ ತೋಡುವುದು ಜೀಪು ಕೊಳ್ಳುವುದಕ್ಕಿಂತ ಎಷ್ಟೋ ಅಗ್ಗ. ಅದು ನೆರೆಮನೆಯವರಿಗೂ, ರಾತ್ರಿ ಬರುವ ಆಂಬುಲೆನ್ಸಿಗೂ ಅನುಕೂಲ.

ಕೆಲಸ ನೋಡಿ ಗಾಡಿ

ಒಂದು ಕಾಗದ ತೆಗೆದುಕೊಂಡು ಮನೆಯವರೆಲ್ಲ ಕೂತು ಗಾಡಿಯಿಂದ ಆಗಬೇಕಾದ ಕೆಲಸಗಳನ್ನು ಬರೆಯಿರಿ. ತೋಟದೊಳಗೆ ಗೊಬ್ಬರ, ಅಡಿಕೆಗೊನೆ ಸಾಗಿಸಬೇಕೆ? ಮರಗಳ ಸಾಲಿನ ನಡುವೆ ಥಾರ್ ಹೋಗುವುದಿಲ್ಲ. ಅದಕ್ಕೆ ಎಂಜಿನ್ ಜೋಡಿಸಿದ ಸಣ್ಣ ಕೈಗಾಡಿಗಳು ಬಂದಿವೆ. ಪುತ್ತೂರಿನಲ್ಲಿ ಕ್ಯಾಂಪ್ಕೊ ಮುಂದಾಗಿ ನಡೆಸಿದ ಯಂತ್ರಮೇಳಗಳಿಗೆ ಹೋದವರಿಗೆ ಇಂಥ ಸಲಕರಣೆಗಳ ಪರಿಚಯ ಇರುತ್ತದೆ. ಅಡಿಕೆ ಗೋಣಿ, ರಬ್ಬರ್ ಶೀಟು, ಹಿಂಡಿ ಮೂಟೆ ಪೇಟೆಗೆ ಹೋಗಿ ಬರಬೇಕೆ? ಹಳೆಯ ಪಿಕಪ್ ಸಾಕು, ವರ್ಷಕ್ಕೆ ಹತ್ತು ಸಲವಾದರೆ ಬಾಡಿಗೆಯದೇ ಲಾಭ. ಮನೆಯ ಐದಾರು ಮಂದಿ ಹೋಗಬೇಕೆ? ಮೂರು ಬಾಗಿಲಿನ ಥಾರ್‌ನಲ್ಲಿ ಅಜ್ಜಿಯನ್ನು ಹಿಂದಿನ ಸೀಟಿಗೆ ಹತ್ತಿಸಿ ನೋಡಿ, ಆಮೇಲೆ ಮಾತಾಡೋಣ. ಕಾಲೇಜಿಗೆಂದಾದರೆ ಬೆಳ್ತಂಗಡಿ, ಉಜಿರೆ, ಮೂಡುಬಿದಿರೆಗಳ ಕಡೆಗೆ ವಿದ್ಯಾರ್ಥಿ ಪಾಸಿನಲ್ಲಿ ಹೋಗಿ ಬರುವವರು ಸಾವಿರಾರು ಮಂದಿ ಇದ್ದಾರೆ.

ಪಟ್ಟಿ ಮುಗಿದ ಮೇಲೂ ನಾಲ್ಕು ಚಕ್ರದ ಗೇರಿನ ಗಾಡಿಯೇ ಬೇಕೆಂದು ಕಂಡರೆ ಧಾರಾಳವಾಗಿ ಕೊಳ್ಳಿ. ಆದರೆ ಅದು ಮನೆಯ ಗಾಡಿಯಾಗಿರಲಿ, ಮಗನ ಗಾಡಿ ಆಗುವುದು ಬೇಡ.

ಹಣದ ಲೆಕ್ಕ

10 ಲಕ್ಷ ರೂಪಾಯಿ ಸಾಲವನ್ನು ನೂರಕ್ಕೆ 9ರ ಬಡ್ಡಿಯಲ್ಲಿ 7 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 16,100 ರೂಪಾಯಿ. ಒಟ್ಟು ಕಟ್ಟುವುದು ಹದಿಮೂರೂವರೆ ಲಕ್ಷ. ಕರ್ನಾಟಕದಲ್ಲಿ ಹತ್ತು ಲಕ್ಷ ದಾಟಿದ ಕಾರಿಗೆ ಜೀವಿತಾವಧಿ ತೆರಿಗೆಯೇ ಬೆಲೆಯ ಆರರಲ್ಲಿ ಒಂದು ಪಾಲಿಗಿಂತ ಹೆಚ್ಚು. ಮೇಲೆ ವಿಮೆ. ದಿನಕ್ಕೆ 30 ಕಿ.ಮೀ.ಯಂತೆ 25 ದಿನ ಓಡಿದರೆ, ಲೀಟರಿಗೆ 12 ಕಿ.ಮೀ. ಲೆಕ್ಕದಲ್ಲಿ ತಿಂಗಳಿಗೆ 62 ಲೀಟರಿಗೂ ಮಿಕ್ಕಿ ಡೀಸೆಲ್ ಬೇಕು. ದಪ್ಪ ಟಯರು ಸವೆದಾಗ ಅದರ ಬೆಲೆ ಬೇರೆ. ಕಂತು ಪ್ರತಿ ತಿಂಗಳು ಬರುತ್ತದೆ, ಅಡಿಕೆ ಹಾಗಲ್ಲ. ಕೊಳೆರೋಗವೋ ಎಲೆಚುಕ್ಕಿಯೋ ಬಂದ ವರ್ಷ ಬ್ಯಾಂಕು ನಿಮಗಾಗಿ ಕಾಯುವುದಿಲ್ಲ. ಅದೇ ವರ್ಷ ಮಗಳ ಕಾಲೇಜು ಫೀಸೂ ಇರುತ್ತದೆ ಎಂಬುದನ್ನು ಮರೆಯಬೇಡಿ.

ಹಳೆಯದನ್ನು ಕೊಳ್ಳುವವರು ಮಳೆಯಲ್ಲಿ ತೊಳೆದು ನಿಲ್ಲಿಸಿದ ಗಾಡಿ ನೋಡಬೇಡಿ, ಒಣಗಿದ ದಿನ ನೋಡಿ. ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ದು ಅಡಿಯಲ್ಲಿ ಮಲಗಿ ಛಾಸಿಗೆ ತುಕ್ಕು ಹಿಡಿದಿದೆಯೇ, ಬೆಸುಗೆ ಹಾಕಿದ್ದಾರೆಯೇ ಎಂದು ಪರೀಕ್ಷಿಸಿ. ಆರ್‌ಸಿಯಲ್ಲಿರುವ ಎಂಜಿನ್ ನಂಬರು, ಛಾಸಿ ನಂಬರು ಗಾಡಿಯ ಮೇಲಿನವಕ್ಕೆ ತಾಳೆಯಾಗಬೇಕು. ಹಳೆಯ ಜೀಪುಗಳಲ್ಲಿ ಬೇರೆ ಎಂಜಿನ್ ಕೂರಿಸುವುದು ಸಾಮಾನ್ಯ, ದಾಖಲೆಯಲ್ಲಿ ಅದು ಇಲ್ಲದಿದ್ದರೆ ನಾಳೆ ತೊಂದರೆ ನಿಮಗೆ. ಸಾಲದ ನಮೂದು ಇದ್ದರೆ ಫಾರಂ 35, ಹೆಸರು ಬದಲಾವಣೆಗೆ ಫಾರಂ 29 ಮತ್ತು 30 ಸಹಿ ಆಗಬೇಕು. ಹದಿನೈದು ವರ್ಷ ದಾಟಿದ್ದರೆ ಮರುನೋಂದಣಿ ಆಗಿದೆಯೇ ಕೇಳಿ. ಕಂಪೆನಿ ಕೊಟ್ಟ ರೂಪವನ್ನು ಬದಲಿಸಿ ಎತ್ತರ ಮಾಡಿದ, ದೊಡ್ಡ ಚಕ್ರ ಹಾಕಿದ ಗಾಡಿಗೆ ಮರುಳಾಗಬೇಡಿ. ನೋಂದಣಿಯಲ್ಲಿರುವುದಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ಮೂರು ತಿಂಗಳು ಕಾಯಲೇಬೇಕೆ?

ಕಾಯಲೇಬೇಕು. ಈ ಒಂದು ವಿಷಯದಲ್ಲಿ ರಾಜಿ ಇಲ್ಲ. “ಒಳರಸ್ತೆ ತಾನೇ, ಯಾರು ಹಿಡಿಯುತ್ತಾರೆ?” ಎನ್ನುವ ತಂದೆಯರು ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿಸಿದ 199ಎ ಕಲಮನ್ನು ಓದಬೇಕು. ಲೈಸನ್ಸಿಲ್ಲದೆ ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ತಂದೆ ತಾಯಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದ ತನಕ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಓಡಿಸಿದವನಿಗೆ 25 ವರ್ಷ ತುಂಬುವ ತನಕ ಲೈಸನ್ಸ್ ಸಿಗುವುದಿಲ್ಲ. ಯಾರಿಗಾದರೂ ಜೀವಾಪಾಯವಾದರೆ ವಿಮಾ ಕಂಪೆನಿ ಕೊಟ್ಟ ಪರಿಹಾರವನ್ನೂ ಮಾಲೀಕರಿಂದ ವಸೂಲು ಮಾಡಲು ದಾರಿಯಿದೆ. ತೋಟ ಅಡವಿಡಬೇಕಾದೀತು. ಅದಕ್ಕಿಂತ ದೊಡ್ಡದು, ಹೋದ ಜೀವ ಯಾವ ಪರಿಹಾರಕ್ಕೂ ತಿರುಗಿ ಬರುವುದಿಲ್ಲ.

ಹದಿನೆಂಟು ತುಂಬಿದ ಮೇಲೆ ಎಲ್‌ಎಲ್ಆರ್ ಮಾಡಿಸಿ. ಅದಾಗಿ ಮೂವತ್ತು ದಿನದ ನಂತರವೇ ಪಕ್ಕಾ ಲೈಸನ್ಸಿನ ಪರೀಕ್ಷೆ. ಆ ದಿನಗಳಲ್ಲಿ ಮನೆಯ ಸಣ್ಣ ಕಾರಿನಲ್ಲೋ ಡ್ರೈವಿಂಗ್ ಸ್ಕೂಲಿನದರಲ್ಲೋ ಕೈ ಪಳಗಲಿ. ಎತ್ತರದ, ಭಾರದ ಗಾಡಿ ಮೊದಲ ಪಾಠಕ್ಕೆ ತಕ್ಕುದಲ್ಲ, ತಿರುವಿನಲ್ಲಿ ಅದು ವಾಲುವ ರೀತಿಯೇ ಬೇರೆ.

ವಿದ್ಯಾರ್ಥಿ ಮಿತ್ರರೇ, ಜೀಪು ಕೈಗೆ ಬಂದಾಗ ನಾಲ್ಕು ಮಾತು ನೆನಪಿರಲಿ. ಬೇಕೆಂದಾಗ ಹಾಕುವ ನಾಲ್ಕು ಚಕ್ರದ ಗೇರನ್ನು ಒಣ ಟಾರು ರಸ್ತೆಯಲ್ಲಿ ಹಾಕಬಾರದು. ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳು ಸುತ್ತುವ ಪ್ರಮಾಣ ಬೇರೆ ಬೇರೆಯಾಗಿ ಗೇರುಗಳು ಬಿಗಿದುಕೊಳ್ಳುತ್ತವೆ. ಎಂಜಿನ್ ಬಲ ನಾಲ್ಕು ಚಕ್ರಕ್ಕೆ ಹೋದರೂ ಬ್ರೇಕು ಹೆಚ್ಚು ಹಿಡಿಯುವುದಿಲ್ಲ, ಜಾರುವ ನೆಲದಲ್ಲಿ ನಿಲ್ಲಲು ಎಲ್ಲ ಗಾಡಿಗೂ ಅಷ್ಟೇ ಕಷ್ಟ. ಇಳಿಜಾರಿನಲ್ಲಿ ಕ್ಲಚ್ ಒತ್ತಿ ಜಾರಬಿಡದೆ ಒಂದನೇ ಗೇರಿನಲ್ಲಿ ಇಳಿಯಬೇಕು. ಇನ್ನು ಹರಿಯುವ ನೀರು: ಎರಡು ಅಡಿ ಆಳದ ಕೆಂಪು ನೀರು ದೊಡ್ಡ ಗಾಡಿಯನ್ನೂ ತೇಲಿಸಿ ಒಯ್ಯಬಲ್ಲದು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿದು, ಹಳ್ಳಗಳು ದಿಕ್ಕು ಬದಲಿಸಿದ್ದನ್ನು ಬೆಳ್ತಂಗಡಿ ತಾಲೂಕಿನವರಿಗೆ ನೆನಪಿಸಬೇಕಿಲ್ಲ. ಜಾಹೀರಾತಿನ ಜೀಪು ಹೊಳೆ ದಾಟುತ್ತದೆ, ನೀವು ದಾಟಬೇಡಿ. ಹಾಗೆಯೇ 1987ರಿಂದ ರಾಷ್ಟ್ರೀಯ ಉದ್ಯಾನವಾಗಿರುವ ಕುದುರೆಮುಖದ ಕಾಡಿಗೆ ಅಪ್ಪಣೆಯಿಲ್ಲದೆ ಗಾಡಿ ನುಗ್ಗಿಸುವುದು ಅಪರಾಧ. ಬಿಳಿ ಬೋರ್ಡಿನ ಜೀಪಿನಲ್ಲಿ ಚಾರಣಿಗರನ್ನು ಬಾಡಿಗೆಗೆ ಒಯ್ಯುವುದೂ ಪರ್ಮಿಟ್ ಇಲ್ಲದ ದಂಧೆಯೇ.

ಕಟ್ಟುವ ಆಸೆಯೂ ಇರಲಿ

ಕೊನೆಯದಾಗಿ, ಈ ಹುಚ್ಚಿಗೆ ಒಳ್ಳೆಯ ದಾರಿಯೊಂದಿದೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಎಟಿವಿಯನ್ನು ವಿನ್ಯಾಸ ಮಾಡಿ, ಬೆಸುಗೆ ಹಾಕಿ ಕಟ್ಟಿ ಓಡಿಸುವ ಬಾಹಾ ಸ್ಪರ್ಧೆ ಅಮೆರಿಕದಲ್ಲಿ 1976ರಲ್ಲಿ ಶುರುವಾಯಿತು. ನಮ್ಮ ದೇಶದಲ್ಲಿ 2007ರಿಂದ ನಡೆಯುತ್ತಿದೆ. ಸವಾರನ ಸುತ್ತ ಕಬ್ಬಿಣದ ಪಂಜರ, ಬಿಗಿಯುವ ಬೆಲ್ಟು, ಹೆಲ್ಮೆಟ್ ಇಲ್ಲದೆ ಅಲ್ಲಿ ಯಾರೂ ಗಾಡಿ ಹತ್ತುವಂತಿಲ್ಲ. ತೀರ್ಪುಗಾರರು ಕಟ್ಟಿದ ರೀತಿಯನ್ನೂ, ಖರ್ಚಿನ ಲೆಕ್ಕವನ್ನೂ ಕೇಳುತ್ತಾರೆ. ಗಾಡಿ ಯಾಕೆ ಮಗುಚುತ್ತದೆ ಎಂದು ಲೆಕ್ಕ ಹಾಕಿ ತಿಳಿದವನ ಕೈಯಲ್ಲಿ ಸ್ಟಿಯರಿಂಗ್ ಇದ್ದರೆ ಮನೆಯವರು ನಿಶ್ಚಿಂತೆಯಿಂದ ಹಿಂದಿನ ಸೀಟಿನಲ್ಲಿ ಕೂರಬಹುದು. ಕಾಲೇಜು ಆರಿಸುವಾಗ ಅಲ್ಲಿ ಇಂಥ ತಂಡ ಇದೆಯೇ ಎಂದು ಕೇಳಿ ನೋಡಿ. ಮನೆಯ ಎರಡು ಚರ್ಚೆಗಳೂ ಒಂದೇ ಕಡೆ ಬಂದು ಸೇರಬಹುದು.