ಚಿತ್ರಭಂಡಾರಗಳಿಗೆ ಬೀಗವೇಕೆ?

ದೇವರು ಕೊಟ್ಟರೂ ಪೂಜಾರಿ ಕೊಡನೆಂಬ ನಮ್ಮ ಗಾದೆಯು ಪಾಶ್ಚಾತ್ಯ ದೇಶಗಳ ಕೆಲವು ಪುಸ್ತಕಭಂಡಾರಗಳಿಗೂ ವಸ್ತುಸಂಗ್ರಹಾಲಯಗಳಿಗೂ ಚೆನ್ನಾಗಿ ಒಪ್ಪುತ್ತದೆ. ಏಳೆಂಟು ಶತಮಾನಗಳ ಹಿಂದೆ ಯೂರೋಪಿನ ಚಿತ್ರಕಾರರು, ಬಹುಮಟ್ಟಿಗೆ ತಮ್ಮ ಹೆಸರನ್ನೂ ಹೇಳಿಕೊಳ್ಳದೆ, ಚರ್ಮದ ಹಾಳೆಗಳ ಮೇಲೆ ಬರೆದ ಚಿತ್ರಗಳು ಇಂದು ಈ ಸಂಸ್ಥೆಗಳ ವಶದಲ್ಲಿವೆ. ಆ ಚಿತ್ರಕಾರರಾಗಲಿ, ಅವರ ವಂಶಸ್ಥರಾಗಲಿ ಹಣ ಕೇಳುತ್ತಿಲ್ಲ. ಕೇಳುತ್ತಿರುವವರು ಕಾವಲಿಗೆ ನಿಂತವರು. ಛಾಯಾಚಿತ್ರವನ್ನು ನೋಡುವುದಕ್ಕೆ ಚಂದಾ, ಅದನ್ನು ಪ್ರಬಂಧದಲ್ಲಿ ಅಚ್ಚು ಹಾಕಿಸುವುದಕ್ಕೆ ಬೇರೆ ಶುಲ್ಕ! ಇದು ನ್ಯಾಯವೆ ಎಂಬುದನ್ನು ವಾಚಕಮಹಾಶಯರು ವಿಚಾರಮಾಡಬೇಕು.

ಬೇರೆ ದಾರಿಯುಂಟೆಂಬುದಕ್ಕೆ ನಿದರ್ಶನವಿದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ 1917ರಲ್ಲಿ ಚಾರ್ಲ್ಸ್ ರೂಫಸ್ ಮೋರೆ ಎಂಬ ಪ್ರಾಧ್ಯಾಪಕರು ಮಧ್ಯಯುಗದ ಕಲೆಗೆ ಒಂದು ವಿಷಯಸೂಚಿಯನ್ನು ಆರಂಭಿಸಿದರು. ಯಾವ ಚಿತ್ರದಲ್ಲಿ ಯಾವ ಕಥೆಯಿದೆ, ಯಾರ ಕೈಯಲ್ಲಿ ಯಾವ ಲಾಂಛನವಿದೆ, ಮೂಲವು ಯಾವ ಊರಿನಲ್ಲಿದೆ ಎಂಬುದನ್ನೆಲ್ಲ ಕಾರ್ಡುಗಳ ಮೇಲೆ ಬರೆದು, ಛಾಯಾಚಿತ್ರಗಳೊಡನೆ ಅಡಕಮಾಡಿದ ಕೋಶವಿದು. ನಮ್ಮವರು ಪ್ರತಿಮಾಲಕ್ಷಣವೆಂದು ಕರೆಯುವ ಶಾಸ್ತ್ರಕ್ಕೆ ಇದೊಂದು ನಿಘಂಟೆಂದರೆ ತಪ್ಪಾಗದು. ಬಹುಕಾಲ ಇದನ್ನು ನೋಡಬೇಕೆನ್ನುವವನು ಪ್ರಿನ್ಸ್‌ಟನ್ನಿಗಾಗಲಿ, ಇದರ ಪ್ರತಿಗಳಿದ್ದ ವಾಷಿಂಗ್ಟನ್, ವ್ಯಾಟಿಕನ್ ಮೊದಲಾದ ಕೆಲವೇ ಸ್ಥಳಗಳಿಗಾಗಲಿ ಹೋಗಬೇಕಾಗಿತ್ತು. ಅಂತರ್ಜಾಲಕ್ಕೆ ಬಂದ ಮೇಲೂ ಚಂದಾ ತೆತ್ತವರಿಗೆ ಮಾತ್ರ ಬಾಗಿಲು ತೆರೆಯುತ್ತಿತ್ತು. 2023ನೆಯ ಜುಲೈ 1ರಿಂದ ಆ ಚಂದಾ ರದ್ದಾಯಿತು. ಈಗ ದೊಡ್ಡ ವಿದ್ಯಾಪೀಠದ ಪ್ರಾಧ್ಯಾಪಕನಿಗೂ ಯಾವ ಸಂಸ್ಥೆಯ ಆಶ್ರಯವೂ ಇಲ್ಲದ ಸಂಶೋಧಕನಿಗೂ ಅಲ್ಲಿ ಒಂದೇ ಪಂಕ್ತಿ.

ಇದು ಎಲ್ಲೆಡೆಯೂ ಆಗಬೇಕೆಂದರೆ ಪೂರ್ವಪಕ್ಷಿಗಳು ಮೂರು ಆಕ್ಷೇಪಗಳನ್ನು ತರುತ್ತಾರೆ.

ಮೊದಲನೆಯದು ಸ್ವಾಮ್ಯದ ಮಾತು: ಮೂಲವು ಹಳೆಯದಾದರೂ ಛಾಯಾಚಿತ್ರವು ಹೊಸದು, ಅದು ನಮ್ಮದು ಎಂಬುದು. ನಕಲು ಮಾಡಿದ ಮಾತ್ರಕ್ಕೆ ಲಿಪಿಕಾರನು ಕವಿಯಾಗುವನೆ? ನ್ಯೂಯಾರ್ಕಿನ ಸಂಯುಕ್ತ ಸರಕಾರದ ನ್ಯಾಯಾಲಯವು 1999ರಲ್ಲಿ, ಸ್ವಾಮ್ಯದ ಅವಧಿ ಮುಗಿದ ವರ್ಣಚಿತ್ರದ ಯಥಾವತ್ತಾದ ಛಾಯಾಚಿತ್ರಕ್ಕೆ ಹೊಸದಾಗಿ ಗ್ರಂಥಸ್ವಾಮ್ಯ ಹುಟ್ಟುವುದಿಲ್ಲವೆಂದು ತೀರ್ಪಿತ್ತಿತು. ಸ್ವಂತ ಸೃಷ್ಟಿಯಿಲ್ಲದ ಬರಿಯ ಪ್ರತಿಕೃತಿಗೆ ಅಂತಹ ಹಕ್ಕು ಸಲ್ಲದೆಂದು ಯೂರೋಪು ಒಕ್ಕೂಟವೂ 2019ರಲ್ಲಿ ವಿಧಿಸಿತು.

ಎರಡನೆಯದು ಹಣದ ಮಾತು. ಚಿತ್ರ ತೆಗೆಯುವುದಕ್ಕೂ, ವಿವರ ಬರೆಯುವುದಕ್ಕೂ, ಯಂತ್ರಗಳನ್ನು ನಡೆಸುವುದಕ್ಕೂ ವೆಚ್ಚವುಂಟು, ಇದನ್ನು ಅಲ್ಲಗಳೆಯಲಾಗದು. ಆದರೆ ಶುಲ್ಕದಿಂದ ಆ ವೆಚ್ಚ ತೀರುವುದೆ? ಸೈಮನ್ ಟ್ಯಾನರ್ ಎಂಬವರು ಅಮೆರಿಕದ ಕಲಾಸಂಗ್ರಹಾಲಯಗಳನ್ನು ವಿಚಾರಿಸಿ 2004ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಖರ್ಚನ್ನು ಕಳೆದರೆ ಹೇಳಿಕೊಳ್ಳುವಷ್ಟು ಲಾಭ ಕಂಡ ಸಂಸ್ಥೆ ಒಂದೂ ಇರಲಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯವು 2017ರಲ್ಲಿ ಸುಮಾರು 3,75,000 ಚಿತ್ರಗಳನ್ನು ಯಾವ ನಿರ್ಬಂಧವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಅದರ ಬಾಗಿಲೇನೂ ಮುಚ್ಚಲಿಲ್ಲ. ವಿದ್ಯಾಸತ್ರದ ಖರ್ಚನ್ನು ದಾತೃಗಳೂ ಸರಕಾರಗಳೂ ಹೊರಬೇಕೇ ಹೊರತು ಹಸಿದು ಬಂದವನಿಂದ ವಸೂಲು ಮಾಡುವುದು ಧರ್ಮವಲ್ಲ.

ಮೂರನೆಯದು ರಕ್ಷಣೆಯ ಮಾತು. ಇದೇ ಅತ್ಯಂತ ದುರ್ಬಲವಾದುದು. ಬೀಗದಿಂದ ವಸ್ತು ಉಳಿಯುವುದೆಂಬುದು ಭ್ರಾಂತಿ. ಹನ್ನೆರಡನೆಯ ಶತಮಾನದಲ್ಲಿ ಆಲ್ಸೇಸ್ ಪ್ರಾಂತದ ಹೆರಾಡ್ ಎಂಬ ಮಠಾಧಿಕಾರಿಣಿಯು ತನ್ನ ಶಿಷ್ಯೆಯರಿಗಾಗಿ ‘ಹೋರ್ಟುಸ್ ಡೆಲಿಸಿಯಾರುಮ್’ ಎಂಬ ಸಚಿತ್ರ ವಿದ್ಯಾಕೋಶವನ್ನು ಸಿದ್ಧಪಡಿಸಿದಳು. ಮುನ್ನೂರಕ್ಕೂ ಮಿಕ್ಕ ಚಿತ್ರಗಳಿದ್ದ ಆ ಗ್ರಂಥವು 1870ರಲ್ಲಿ ಸ್ಟ್ರಾಸ್‌ಬರ್ಗ್ ನಗರಕ್ಕೆ ಮುತ್ತಿಗೆ ಬಿದ್ದಾಗ ಪುಸ್ತಕಭಂಡಾರದೊಡನೆ ಸುಟ್ಟು ಬೂದಿಯಾಯಿತು. ಇಂದು ಅದರಲ್ಲಿ ನಮಗೆ ತಿಳಿದಿರುವುದಿಷ್ಟೂ ಅದಕ್ಕೆ ಮೊದಲು ವಿದ್ವಾಂಸರು ಕೈಯಿಂದ ಎತ್ತಿಕೊಂಡಿದ್ದ ನಕಲುಗಳ ಪುಣ್ಯ. ಆ ನಕಲುಗಳ ಬಲದಿಂದಲೇ ಲಂಡನ್ನಿನ ವಾರ್ಬುರ್ಗ್ ಸಂಸ್ಥೆಯು 1979ರಲ್ಲಿ ಗ್ರಂಥವನ್ನು ಪುನಾರಚಿಸಿ ಪ್ರಕಟಿಸಿತು. ಅಂದಿನ ಭಂಡಾರಿಗಳು ನಕಲಿಗೆ ಅಡ್ಡಿ ಮಾಡಿದ್ದರೆ ಇಂದು ಹೆಸರು ಮಾತ್ರ ಉಳಿಯುತ್ತಿತ್ತು. ನಮ್ಮ ಓಲೆಗರಿಗಳೂ ಉಳಿದುಬಂದದ್ದು ಪ್ರತಿಯಿಂದ ಪ್ರತಿಗೆ ಇಳಿದುದರಿಂದಲ್ಲವೆ?

ಅಂತರ್ಜಾಲವೂ ಅಭಯಸ್ಥಾನವಲ್ಲವೆಂದು ಎದುರಾಡುವವರು 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಗಣಕಯಂತ್ರಗಳ ಮೇಲಾದ ದಾಳಿಯನ್ನು ತೋರಿಸಬಹುದು. ಅದರ ಹಸ್ತಪ್ರತಿಗಳ ಚಿತ್ರಗಳು ಬಹುಕಾಲ ಕಾಣಸಿಗದೆ ಹೋದುದು ನಿಜ. ಆದರೆ ಇದರಿಂದ ಸಿದ್ಧವಾಗುವುದೇನು? ಒಂದೇ ಕಣಜದಲ್ಲಿ ಬಿತ್ತನೆಯನ್ನೆಲ್ಲ ಇಡಬಾರದೆಂಬುದೇ ಹೊರತು ಕಣಜಕ್ಕೆ ಬೀಗ ಹಾಕಬೇಕೆಂಬುದಲ್ಲ.

ಇನ್ನು ಅರೆ ತೆರೆದ ಬಾಗಿಲುಗಳ ವಿಚಾರ. ಬೆರಳುಗುರಿನಷ್ಟು ಮಸಕು ಚಿತ್ರವನ್ನು ತೋರಿಸಿ, ಸ್ಪಷ್ಟವಾದುದು ಬೇಕಾದರೆ ಅರ್ಜಿ ಹಾಕಿರಿ ಎನ್ನುವುದು ಎಲೆ ಹಾಕಿ ಬಡಿಸದೆ ಏಳಿಸಿದಂತೆ. ರೇಖೆಯ ಸೂಕ್ಷ್ಮವು ಕಾಣದಿದ್ದರೆ ಸಂಶೋಧಕನಿಗೆ ಅದರಿಂದ ಪ್ರಯೋಜನವೇನು? ಚಿತ್ರವು ಪೂರ್ಣ ಗಾತ್ರದಲ್ಲಿರಬೇಕು, ವಿವರ ಜೊತೆಯಲ್ಲಿರಬೇಕು, ಮೂಲದ ಸ್ಥಳವನ್ನು ಹೇಳಿ ಯಾರು ಬೇಕಾದರೂ ಅಚ್ಚು ಹಾಕಿಸುವ ಅನುಮತಿಯಿರಬೇಕು, ಪ್ರತಿಗಳು ಹಲವು ಕಡೆ ಇರಬೇಕು. ಇಷ್ಟಾದರೆ ಮಾತ್ರ ಬಾಗಿಲು ತೆರೆದಂತೆ. ನಮ್ಮ ನಾಡಿನ ದೇವಾಲಯಗಳ ಶಿಲ್ಪಗಳ ಛಾಯಾಚಿತ್ರಗಳನ್ನು ಕಪಾಟಿನಲ್ಲಿಟ್ಟು ಕಾಯುತ್ತಿರುವವರಿಗೂ ಈ ಮಾತು ಸಲ್ಲುತ್ತದೆ. ಭಂಡಾರಿಯ ಹಿರಿಮೆ ಬೀಗದ ಕೈಯಲ್ಲಿಲ್ಲ, ಬಡಿಸುವ ಕೈಯಲ್ಲಿದೆ.