ಒಂಬತ್ತು ಲಿಂಗಗಳೂ ಎರಡು ವಾರ್ಡುಗಳೂ

ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಲಿಂಗಗಳನ್ನು ವಿವರಿಸುವಾಗ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗಗಳೆಂಬ ಮೂರಕ್ಕೆ ನಿಲ್ಲದೆ ಒಂಬತ್ತನ್ನು ಎಣಿಸಿದ್ದಾನೆ. ಬಿ.ಎ. ತರಗತಿಯಲ್ಲಿ ಈ ಭಾಗ ಬಂದಾಗಲೆಲ್ಲ ಹಿಂದಿನ ಬೆಂಚುಗಳಿಂದ ಅಡಗಿಸಿದ ನಗೆಯೊಂದು ಕೇಳಿಬರುತ್ತದೆ. ಕಾರಣವನ್ನು ಕನ್ನಡಿಗರಿಗೆ ವಿವರಿಸಬೇಕಾದುದಿಲ್ಲ. ನಮ್ಮ ಬೀದಿಯ ಮಾತಿನಲ್ಲಿ ಆ ಸಂಖ್ಯೆ ಒಂದು ಬೈಗುಳ. ಶಬ್ದದ ಲಿಂಗ ಬೇರೆ, ಮನುಷ್ಯರ ಲಿಂಗ ಬೇರೆ ಎಂದಷ್ಟೆ ಹೇಳಿ ನಾನು ಬಹುಕಾಲ ಪಾಠವನ್ನು ಮುಂದುವರಿಸಿಬಿಡುತ್ತಿದ್ದೆ. ಆ ನಗೆಯನ್ನು ತಡೆಯುವುದೂ ಅಧ್ಯಾಪಕನ ಕೆಲಸವೆಂದು ನನಗೆ ತೋರಿರಲಿಲ್ಲ.

ತೋರಿದುದು ಒಂದು ಆಸ್ಪತ್ರೆಯಲ್ಲಿ, ಚೀಟಿ ಕೊಡುವ ಕಿಟಕಿಯ ಮುಂದೆ. ಹಿಂದೆ ನನ್ನ ತರಗತಿಯಲ್ಲಿ ಗಂಡುಹುಡುಗನ ಹೆಸರಿಗೆ ಹಾಜರಿ ಹೇಳುತ್ತಿದ್ದವಳೊಬ್ಬಳು ಈಗ ಹೆಣ್ಣಾಗಿ ಬಾಳುತ್ತಿದ್ದಾಳೆ. ಆಕೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ವಾರದಿಂದ ಜ್ವರ ಬಿಟ್ಟಿರಲಿಲ್ಲ. ಒಬ್ಬಳೇ ಹೋಗಲು ಅಂಜಿ, "ಸಾರ್, ನೀವು ಸುಮ್ಮನೆ ಜೊತೆಗೆ ನಿಂತಿದ್ದರೆ ಸಾಕು" ಎಂದು ಕರೆದಳು. ಕಿಟಕಿಯ ಒಳಗಿದ್ದವರು ಗುರುತಿನ ಚೀಟಿಯನ್ನೂ ಮುಖವನ್ನೂ ಎರಡೆರಡು ಸಲ ನೋಡಿ, "ಗಂಡು ಅಂತ ಬರೀಲೋ, ಹೆಣ್ಣು ಅಂತ ಬರೀಲೋ?" ಎಂದು ಸಾಲಿನವರಿಗೆಲ್ಲ ಕೇಳುವಂತೆ ಕೇಳಿದರು. ಸಾಲು ನಕ್ಕಿತು. ಅದು ನನ್ನ ತರಗತಿಯ ನಗೆಯೇ. ಸ್ವಲ್ಪ ವಯಸ್ಸಾಗಿತ್ತು, ಅಷ್ಟೆ. "ಬೇಡ ಸಾರ್, ಔಷಧದ ಅಂಗಡಿಯಲ್ಲೇ ಮಾತ್ರೆ ತಗೋತೀನಿ" ಎಂದು ಆಕೆ ಹಿಂದಿರುಗಿದಳು. ನಾಲ್ಕು ದಿನಗಳ ಮೇಲೆ ಉಸಿರಾಡಲಾರದೆ ಬೇರೊಂದು ಕಡೆ ಸೇರಬೇಕಾಯಿತು. ಅಲ್ಲಿ ಗಂಡಸರ ವಾರ್ಡೊ ಹೆಂಗಸರ ವಾರ್ಡೊ ಎಂಬ ಚರ್ಚೆ ಮುಗಿಯುವವರೆಗೆ ಹಜಾರದಲ್ಲಿ ಮಲಗಿದ್ದಳು. ಗುಣವಾದುದು ಪುಣ್ಯ.

ಇಂಥವರಿಗಾಗಿ ಕಾಗದದ ಮೇಲೆ ಏನೂ ಇಲ್ಲವೆನ್ನುವಂತಿಲ್ಲ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ತೃತೀಯ ಲಿಂಗವನ್ನು ಮಾನ್ಯಮಾಡಿ, ಆಸ್ಪತ್ರೆಗಳಲ್ಲಿ ಇವರಿಗೆ ವೈದ್ಯಕೀಯ ನೆರವು ದೊರೆಯುವಂತೆ ಮಾಡಬೇಕೆಂದು ಸರ್ಕಾರಗಳಿಗೆ ಆದೇಶವಿತ್ತಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಲಿಂಗದ ಕಾರಣದಿಂದಾಗಲಿ ಲೈಂಗಿಕ ಒಲವಿನ ಕಾರಣದಿಂದಾಗಲಿ ಭೇದವೆಣಿಸಬಾರದೆಂದಿತು. ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲವೆಂಬ ತೀರ್ಪು 2018ರ ಸೆಪ್ಟೆಂಬರ್ 6ರಂದು ಬಂದಿತು. ಹಾರ್ಮೋನು ಚಿಕಿತ್ಸೆ, ಶಸ್ತ್ರಚಿಕಿತ್ಸೆ, ಅದರ ಹಿಂದುಮುಂದಿನ ಸಮಾಲೋಚನೆ, ವಿಮೆ, ವೈದ್ಯಶಿಕ್ಷಣದ ಪಠ್ಯಕ್ರಮದ ಪರಿಶೀಲನೆ, ಇವೆಲ್ಲವನ್ನೂ 2019ರ ಕಾಯಿದೆಯ 15ನೆಯ ವಿಧಿ ಸರ್ಕಾರದ ಹೊಣೆಯೆಂದು ಬರೆಯಿತು. ಆಯುಷ್ಮಾನ್ ಭಾರತ್ ಯೋಜನೆಯಡಿ ಇವರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ಸಲ್ಲುವುದೆಂದು 2022ರಲ್ಲಿ ಘೋಷಣೆಯೂ ಆಯಿತು.

ಇಷ್ಟೆಲ್ಲ ಇದ್ದೂ ಆ ಸಾಲು ನಗಲು ಕಾರಣವೇನು?

ಮೊದಲನೆಯದು, ಈ ಸೌಲಭ್ಯದ ಬಾಗಿಲಿಗೆ ಪ್ರಮಾಣಪತ್ರವೇ ಬೀಗ. ಮನೆಯಿಂದ ಹೊರದೂಡಲ್ಪಟ್ಟವರ ಬಳಿ ಕಾಗದಪತ್ರಗಳಿರುವುದು ಅಪರೂಪ. ಇದ್ದರೆ ಅವು ಹಳೆಯ ಹೆಸರಿನವು. 2011ರ ಜನಗಣತಿಯಲ್ಲಿ ಗಂಡೂ ಅಲ್ಲದ ಹೆಣ್ಣೂ ಅಲ್ಲದ 'ಇತರರು' ದೇಶದಲ್ಲಿ ಸುಮಾರು 4.88 ಲಕ್ಷ, ಕರ್ನಾಟಕದಲ್ಲಿ 20,266. ಇದು ಎಣಿಸಲು ಬಂದವರ ಮುಂದೆ ಹೇಳಿಕೊಳ್ಳುವ ಧೈರ್ಯವಿದ್ದವರ ಲೆಕ್ಕವೇ ಹೊರತು ಇರುವವರ ಲೆಕ್ಕವಲ್ಲ.

ಎರಡನೆಯದು ವೈದ್ಯರ ಓದು. ಸಲಿಂಗ ಒಲವನ್ನು 'ಗುಣಪಡಿಸುವ' ಚಿಕಿತ್ಸೆಯು ವೃತ್ತಿಯಲ್ಲಿ ದುರ್ನಡತೆಯೆಂದು 2022ರಲ್ಲಿ ಸಾರಿದ ರಾಷ್ಟ್ರೀಯ ವೈದ್ಯಕೀಯ ಆಯೋಗವೇ, 2024ರ ಆಗಸ್ಟಿನಲ್ಲಿ ಹೆಣ್ಣುಹೆಣ್ಣಿನ ಸಂಬಂಧವನ್ನು ಅಸ್ವಾಭಾವಿಕ ಲೈಂಗಿಕ ಅಪರಾಧಗಳ ಸಾಲಿಗೆ ಸೇರಿಸಿದ ಪಠ್ಯಕ್ರಮವನ್ನು ಹೊರಡಿಸಿತು. ಆಕ್ಷೇಪಣೆಗಳು ಬಂದ ಮೇಲೆ ಸೆಪ್ಟೆಂಬರಿನಲ್ಲಿ ಹಿಂತೆಗೆದುಕೊಂಡಿತು. ಹಿಂತೆಗೆದುಕೊಂಡುದು ಸರಿಯೆ. ಆದರೆ ಹಳೆಯ ಪುಸ್ತಕವನ್ನು ಓದಿ ಹೊರಬಂದ ವೈದ್ಯರ ಮನಸ್ಸಿನಿಂದ ಆ ಪಾಠವನ್ನು ಹಿಂತೆಗೆಯುವುದು ಸುತ್ತೋಲೆಯಿಂದ ಆಗುವ ಕೆಲಸವಲ್ಲ.

ಮೂರನೆಯದು ಸಂಬಂಧದ ಪ್ರಶ್ನೆ. ಹತ್ತಿರದ ಬಂಧುಗಳು ಇಲ್ಲದಾಗ ಜೊತೆಗಾರರು ಮೃತದೇಹವನ್ನು ಪಡೆಯಬಹುದೆಂದು ಕೇಂದ್ರ ಆರೋಗ್ಯ ಇಲಾಖೆ 2024ರ ಆಗಸ್ಟಿನಲ್ಲಿ ರಾಜ್ಯಗಳಿಗೆ ಬರೆಯಿತು. ಸತ್ತ ಮೇಲಿನ ಮಾತಾಯಿತು. ಬದುಕಿರುವಾಗ ಶಸ್ತ್ರಚಿಕಿತ್ಸೆಯ ಒಪ್ಪಿಗೆಪತ್ರವನ್ನು ಹಿಡಿದು ದಾದಿ "ಇವರ ಕಡೆಯವರು ಯಾರು?" ಎಂದು ಕೇಳಿದಾಗ ಇಪ್ಪತ್ತು ವರ್ಷ ಜೊತೆಗೆ ಬಾಳಿದವರು ಮೂಲೆಯಲ್ಲಿ ನಿಂತಿರಬೇಕೆ?

ನಾಲ್ಕನೆಯದು, ನಾವು ಹೊರಬೇಕಾದ ಹೊಣೆಯನ್ನು ಪರರ ಹಣಕ್ಕೆ ಬಿಟ್ಟಿರುವುದು. ಲಿಂಗತ್ವ ಅಲ್ಪಸಂಖ್ಯಾತರಿಗಾಗಿ, ಬಹುಮಟ್ಟಿಗೆ ಅವರಿಂದಲೇ ನಡೆಯುವ 'ಮಿತ್ರ್' ಎಂಬ ಚಿಕಿತ್ಸಾಲಯ 2021ರಲ್ಲಿ ಅಮೆರಿಕದ ನೆರವಿನಿಂದ ಹೈದರಾಬಾದಿನಲ್ಲಿ ತೆರೆಯಿತು. 2025ರ ಆರಂಭದಲ್ಲಿ ಆ ದೇಶ ತನ್ನ ವಿದೇಶೀ ನೆರವನ್ನು ತಡೆಹಿಡಿದೊಡನೆ ಅದು ಬಾಗಿಲು ಹಾಕಿತು. ಅನಂತರ ದೇಶೀಯ ನೆರವಿನಿಂದ ಬೇರೆ ಹೆಸರಿನಲ್ಲಿ ಮತ್ತೆ ತೆರೆಯಿತೆಂಬುದು ಸಮಾಧಾನ. ಆದರೂ ಸಾವಿರಾರು ಮೈಲಿ ದೂರದ ರುಜುವೊಂದರಿಂದ ಇಲ್ಲಿಯವರ ಔಷಧ ನಿಲ್ಲುವುದಾದರೆ ಅದನ್ನು ವ್ಯವಸ್ಥೆಯೆನ್ನಲಾಗದು.

ಕನ್ನಡನಾಡು ಇವರನ್ನು ಅರಿಯದ ನಾಡೇನಲ್ಲ. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಜೋಗಪ್ಪಗಳ ಮುಂದೆ ಕೈಮುಗಿದು ಮೊರದಲ್ಲಿ ಅಕ್ಕಿ ನೀಡಿದವರು ನಾವು. ಮಂಜಮ್ಮ ಜೋಗತಿಯವರು 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಅದೇ ವರ್ಷ ನಮ್ಮ ಸರ್ಕಾರ ಉದ್ಯೋಗದಲ್ಲಿ ಶೇಕಡ 1ರ ಮೀಸಲಾತಿಯನ್ನೂ ತಂದಿತು. ಹರಕೆಗೂ ಬಿರುದಿಗೂ ಸಲ್ಲುವವರು ಹಾಸಿಗೆಗೆ ಸಲ್ಲದಿರುವುದು ವಿಚಿತ್ರವಲ್ಲವೆ?

ದೊಡ್ಡ ಯೋಜನೆಗಳು ಬರಲಿ. ಅದಕ್ಕೆ ಮುಂಚೆ, ಖರ್ಚಿಲ್ಲದ ಕೆಲವು ಕೆಲಸಗಳಿವೆ. ಕಿಟಕಿಯಲ್ಲಿ ಪ್ರಶ್ನೆಯನ್ನು ಮೆಲುದನಿಯಲ್ಲಿ ಕೇಳಬಹುದು. ರೋಗಿ ಹೇಳಿದ ಹೆಸರಿನಿಂದಲೇ ಕರೆಯಬಹುದು. ವಾರ್ಡಿನ ಕೊನೆಯ ಮಂಚಕ್ಕೊಂದು ಪರದೆ ಕಟ್ಟಬಹುದು. ತರಬೇತಿಯು ವೈದ್ಯರಿಗಿಂತ ಮೊದಲು ಚೀಟಿ ಬರೆಯುವವರಿಗೂ ದಾದಿಯರಿಗೂ ದೊರೆಯಬೇಕು. ರೋಗಿ ಹಿಂದಿರುಗುವುದು ಅವರೆದುರಿನಿಂದಲೇ.

ಈ ವರ್ಷ ಕೇಶಿರಾಜನ ಪಾಠಕ್ಕೆ ಬಂದಾಗ ನಗೆ ಎಂದಿನಂತೆ ಎದ್ದಿತು. ನಾನು ಪುಸ್ತಕವನ್ನು ಮುಚ್ಚಿ, ಆ ಕಿಟಕಿಯ ಕಥೆಯನ್ನು ಹೇಳಿದೆ. ಕೇಳುತ್ತಿದ್ದವರಲ್ಲಿ ಮುಂದೆ ಯಾರಾದರೂ ಅಂಥದೊಂದು ಕಿಟಕಿಯ ಒಳಗೆ ಕುಳಿತುಕೊಳ್ಳಬಹುದು. ಈ ಮಾತನ್ನು ಹತ್ತು ವರ್ಷ ಮುಂಚೆಯೇ, ಆಕೆ ಅದೇ ಕೊಠಡಿಯಲ್ಲಿ ತಲೆತಗ್ಗಿಸಿ ಕುಳಿತಿದ್ದಾಗಲೇ, ನಾನು ಆಡಬೇಕಾಗಿದ್ದಿತು.