ರೆಸಾರ್ಟ್‌ನವರು ಹೇಳದ ಕಬಿನಿ

ಸೆಮ್ ಎಕ್ಸಾಮ್ ಮುಗಿದರೆ ಸಾಕು, ಕ್ಲಾಸ್ ಗ್ರೂಪಲ್ಲಿ ಮೊದಲು ಬರುವ ಹೆಸರು ಕಬಿನಿ. ಮೈಸೂರಿನಿಂದ ಹೆಚ್ಚೆಂದರೆ ಎರಡು ಗಂಟೆ ದಾರಿ. ಹೋಗಿ ಬಂದವರೆಲ್ಲ ಹಾಕೋದು ಒಂದೇ ಥರದ ಫೋಟೋ: ನೀರು, ಒಣಮರ, ಆನೆ ಹಿಂಡು. ಕೆಳಗೆ 'ಮನುಷ್ಯರು ಮುಟ್ಟದ ಪ್ರಕೃತಿ' ಅಂತ ಒಂದು ಸಾಲು. ಜಾಹೀರಾತುಗಳಲ್ಲೂ ಹೆಚ್ಚುಕಡಿಮೆ ಅದೇ ಮಾತು. ನಮ್ಮ ತಕರಾರು ಇರೋದು ಆ ಸಾಲಿನ ಬಗ್ಗೆ.

ಆ ನೀರು ಪ್ರಕೃತಿ ಮಾಡಿದ್ದಲ್ಲ. 1974ರಲ್ಲಿ ಮುಗಿದ, ಬೀಚನಹಳ್ಳಿ ಹತ್ತಿರದ ಅಣೆಕಟ್ಟಿನ ಹಿನ್ನೀರು ಅದು. ಊರೂ ಮುಳುಗಿತು, ಕಾಡೂ ಮುಳುಗಿತು. ಫೋಟೋದಲ್ಲಿ ಚಂದ ಕಾಣುವ ಒಣಮರಗಳು ಆ ಮುಳುಗಿದ ಕಾಡಿನವು. ಬೇಸಿಗೆಯಲ್ಲಿ ಸುತ್ತಲ ಕಾಡು ಒಣಗಿರುವಾಗ ಹಿನ್ನೀರು ಇಳಿದು, ಆ ನೆಲದಲ್ಲಿ ಹಸಿ ಹುಲ್ಲು ಚಿಗುರುತ್ತೆ. ಬಂಡೀಪುರ, ನಾಗರಹೊಳೆ ಎರಡೂ ಕಡೆಯ ಆನೆಗಳು ಅಲ್ಲಿ ಸೇರೋದು ಅದಕ್ಕೇ. ಅಂದ್ರೆ ನಾವು ದುಡ್ಡು ಕೊಟ್ಟು ನೋಡುವ ದೃಶ್ಯವೇ ಒಂದು ಸಿವಿಲ್ ಪ್ರಾಜೆಕ್ಟಿನ ಫಲ. (ಸಿವಿಲ್ ಬ್ರ್ಯಾಂಚಿನವರು ಹೆಮ್ಮೆಪಡೋ ಮೊದಲು ಮುಂದೆ ಓದಿ.)

ಜಾಗವೂ ತುಂಬ ಹಳೇದು. ಎರಡನೇ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಭೂಗೋಳ ಬರೆದ ಟಾಲೆಮಿ, ಬೆರಿಲ್ ಹರಳು ಸಿಗುವ ಜಾಗ ಅಂತ 'ಪೌನ್ನಾಟ'ದ ಹೆಸರು ಹೇಳ್ತಾನೆ. ಅದು ನಮ್ಮ ಪುನ್ನಾಟ. ಅದರ ರಾಜಧಾನಿ ಕೀರ್ತಿಪುರವನ್ನು ಇತಿಹಾಸಕಾರರು ಗುರುತಿಸಿರೋದು ಇದೇ ಎಚ್.ಡಿ. ಕೋಟೆ ತಾಲ್ಲೂಕಿನ ಕಿತ್ತೂರಲ್ಲಿ, ಕಬಿನಿ ದಂಡೆಯಲ್ಲಿ.

ಆಮೇಲೆ ಖೆಡ್ಡಾ. ಕಾಕನಕೋಟೆ ಕಾಡಿನ ಆನೆಗಳನ್ನು ಅಟ್ಟಿ, ಹೊಳೆಗಿಳಿಸಿ, ಮರದ ದಿಮ್ಮಿಗಳ ಬೇಲಿಯೊಳಗೆ ಕೂಡುತ್ತಿದ್ದರು. ಮಹಾರಾಜರ ಅತಿಥಿಗಳಿಗೆ ಅದೊಂದು ಪ್ರದರ್ಶನ. ಕೊನೆಯದು ನಡೆದದ್ದು 1971ರಲ್ಲಿ. 1968ರಲ್ಲಿ ಅಲ್ಲಿ ಸೆರೆಸಿಕ್ಕ ಒಂದು ಆನೆಯನ್ನು ಮೈಸೂರಿನವರೆಲ್ಲ ನೋಡಿದ್ದೇವೆ: ಅರ್ಜುನ. 750 ಕೆ.ಜಿ. ಅಂಬಾರಿಯನ್ನು ಎಂಟು ದಸರಾ ಹೊತ್ತವನು. 2023ರ ಡಿಸೆಂಬರ್‌ನಲ್ಲಿ ಸಕಲೇಶಪುರ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅವನು ಸತ್ತಾಗ ನಾವೆಲ್ಲ ಸ್ಟೇಟಸ್ ಹಾಕಿದ್ವಿ. ಆದ್ರೆ ಇದೇ ಅರ್ಜುನನ ಕಾಡು ಅಂತ ಸಫಾರಿ ಜೀಪಲ್ಲಿ ನಮಗೆ ಯಾರೂ ಹೇಳಲಿಲ್ಲ.

ಹೇಳಬಲ್ಲವರು ಇದ್ದಾರೆ. ಆನೆಯ ಜಾಡು ಹಿಡಿದವರು, ಪಳಗಿಸಿದವರು ಜೇನುಕುರುಬರು. ಅಣೆಕಟ್ಟಿಗಾಗಿ, ಆಮೇಲೆ ಹುಲಿ ಕಾಡಿಗಾಗಿ ಹಾಡಿ ಬಿಟ್ಟು ಹೊರಡಬೇಕಾದವರಲ್ಲೂ ಅವರೇ ಇದ್ದರು. ನಾಗರಹೊಳೆಯ ಮೂರ್ಕಲ್‌ನಲ್ಲಿ ಕಾಡೊಳಗೇ ರೆಸಾರ್ಟ್ ಬರಲಿದ್ದಾಗ ಆದಿವಾಸಿಗಳು ಹೈಕೋರ್ಟಿಗೆ ಹೋದರು; 1997ರಲ್ಲಿ ತೀರ್ಪು ಅವರ ಪರ ಬಂತು. ತಾವು ಒಲೆ ಹಚ್ಚಬಾರದ ಕಾಡಲ್ಲಿ ಪ್ರವಾಸಿಗೆ ಎ.ಸಿ. ರೂಮು ಯಾಕೆ ಅನ್ನೋ ಪ್ರಶ್ನೆ ನ್ಯಾಯವಾದದ್ದೇ ಅಲ್ವಾ?

ಟ್ರಿಪ್ಪೇ ಬೇಡ ಅಂತ ನಾವು ಹೇಳ್ತಿಲ್ಲ. ರೆಸಾರ್ಟ್‌ನಿಂದ ಹಳ್ಳಿಯವರಿಗೆ ಕೆಲಸ ಸಿಗುತ್ತೆ ಅನ್ನೋ ವಾದವೂ ಸುಳ್ಳಲ್ಲ. ಆದ್ರೆ ಎಂಥ ಕೆಲಸ? ರೂಮು ಗುಡಿಸೋದಾ, ಜೀಪಿನ ಮುಂದಿನ ಸೀಟಲ್ಲಿ ಕೂತು ಕಾಡಿನ ಕಥೆ ಹೇಳೋದಾ? ಹಾಡಿಯ ಹುಡುಗ ಹುಡುಗಿಯರು ಗೈಡ್ ಆಗಿ ಕನ್ನಡದಲ್ಲೇ ಹೇಳಿದರೆ, ಹುಲಿ ಕಾಣದಿದ್ರೂ ಸಫಾರಿ ದುಡ್ಡು ವಸೂಲಾಗುತ್ತೆ. ಈ ಸಲ ಬುಕಿಂಗ್ ಮಾಡೋ ಕ್ಲಾಸ್ ರೆಪ್‌ಗಳೇ, ಕ್ಯಾಂಪ್‌ಫೈರ್ ಇದೆಯಾ ಅಂತ ಕೇಳ್ತೀರಲ್ಲ, ಜೊತೆಗೆ ಗೈಡ್ ಯಾವ ಊರಿನವರು ಅಂತಾನೂ ಕೇಳಿ.